ಹುಳು ಹಣ್ಣಾದ ದಿನ ನೋಡಿದ ಶಾಲೆ

ನಮ್ಮ ಮನೆಯ ಗಾಜಿನ ಕಪಾಟಿನಲ್ಲಿ, ಎರಡು ಪಾರಿತೋಷಕಗಳ ನಡುವೆ, ಹಿತ್ತಾಳೆಯ ಒಂದು ಮೇಜುಗಂಟೆ ಕುಳಿತಿದೆ. ಮಗುಚಿಟ್ಟ ಬಟ್ಟಲಿನಂಥ ಆಕಾರ. ನೆತ್ತಿಯ ಗುಂಡಿಯನ್ನು ಅಂಗೈಯಿಂದ ತಟ್ಟಿದರೆ ಒಮ್ಮೆ ಸ್ಪಷ್ಟವಾಗಿ ನುಡಿದು, ಆಮೇಲೆ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತಾನೇ ಗೊಣಗುತ್ತದೆ. ಪಾರಿತೋಷಕಗಳನ್ನು ನೋಡಿದ ಅತಿಥಿಗಳು ‘ಓಹೋ’ ಎನ್ನುತ್ತಾರೆ. ಗಂಟೆಯನ್ನು ನೋಡಿದವರು ‘ಇದೇಕೆ ಇಲ್ಲಿ?’ ಎನ್ನುತ್ತಾರೆ. ನನ್ನ ವಿಷಯದಲ್ಲಿ ನಿಜ ನುಡಿಯುವುದು ಗಂಟೆಯೇ ಆದ್ದರಿಂದ ಅದರ ಕಥೆಯಿಂದಲೇ ಆರಂಭಿಸುತ್ತೇನೆ.

ಚಿಂತಾಮಣಿಯ ಕಾಲೇಜಿನಲ್ಲಿ ಓದುತ್ತಿದ್ದಾಗ ನಾನು ಚರ್ಚಾಸ್ಪರ್ಧೆಯ ಹುಡುಗಿ. ಚಿಕ್ಕಬಳ್ಳಾಪುರವಾಗಲಿ, ಗೌರಿಬಿದನೂರಾಗಲಿ, ಎಲ್ಲಿ ಒಂದು ಮೈಕು, ಒಂದು ವಿಷಯ ಮತ್ತು ಮೂವರು ತೀರ್ಪುಗಾರರು ಸೇರಿದರೂ ನಮ್ಮ ಕಾಲೇಜು ನನ್ನನ್ನು ಅಲ್ಲಿಗೆ ಬಸ್ಸು ಹತ್ತಿಸುತ್ತಿತ್ತು. ಆ ಸ್ಪರ್ಧೆಗಳ ನಿಯಮ ನಿಮಗೂ ಗೊತ್ತಿರಬಹುದು: ಮೊದಲನೆಯ ಗಂಟೆ ಎಚ್ಚರಿಕೆ, ಎರಡನೆಯ ಗಂಟೆಗೆ ವಾಕ್ಯ ಎಲ್ಲಿದ್ದರೂ ಅಲ್ಲಿಯೇ ಬಿಟ್ಟು ಕುಳಿತುಕೊಳ್ಳಬೇಕು. ನಾನು ಮೊದಲನೆಯ ಗಂಟೆಯ ಹೊತ್ತಿಗೆ ಪೀಠಿಕೆ ಮುಗಿಸುತ್ತಿದ್ದೆ. ಎರಡನೆಯದಕ್ಕೆ ‘ಆದ್ದರಿಂದ, ಮಾನ್ಯರೇ’ ಎನ್ನುತ್ತಿದ್ದೆ. ಆಮೇಲೆ ಗಂಟೆಯ ಮುಂದೆ ಕುಳಿತವರ ಕೈ ನೋಯುತ್ತಿತ್ತು. ನನಗೆ ಬಹುಮಾನಗಳು ಬಂದದ್ದು ವಾದದ ಬಲದಿಂದಲೋ, ಕೊಟ್ಟು ಕಳಿಸಿದರೆ ಸಾಕೆಂಬ ತೀರ್ಪುಗಾರರ ದಣಿವಿನಿಂದಲೋ, ಈಗ ಖಚಿತವಾಗಿ ಹೇಳಲಾರೆ. ನನ್ನ ಪದವಿ ಮುಗಿದ ವರ್ಷ ಕಾಲೇಜಿಗೆ ಹೊಸ ಗಂಟೆ ಬಂತು. ಬೀಳ್ಕೊಡುಗೆಯ ದಿನ ನಮ್ಮ ಕನ್ನಡ ಮೇಷ್ಟ್ರು ಹಳೆಯದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ತಗೊಳಮ್ಮ. ಇದು ಸವೆದಿದ್ದೇ ನಿನ್ನಿಂದ. ನಿನ್ ಹತ್ರಾನೇ ಇರ್ಲಿ.”

ಎಲ್ಲರೂ ನಕ್ಕರು. ನಾನು ಎದ್ದು ನಿಂತು ಕೃತಜ್ಞತೆ ಸಲ್ಲಿಸಿದೆ. ಅದೂ ದೀರ್ಘವಾಯಿತು.

ಆ ತರಬೇತಿ ನನಗೆ ಕೊಟ್ಟದ್ದು ಬಹಳ. ಅದರ ಜೊತೆಗೆ ಒಂದು ಚಾಳಿಯನ್ನೂ ಅಂಟಿಸಿತು: ಹೋಲಿಸದೆ ಯಾವುದನ್ನೂ ಒಪ್ಪಲಾರೆ. ತರಕಾರಿ ಅಂಗಡಿಯಲ್ಲಿ ಎರಡು ರಾಶಿ ಬದನೆಕಾಯಿಯ ಮುಂದೆ ನಿಂತರೂ ಉಭಯ ಪಕ್ಷಗಳ ವಾದವನ್ನು ಕೇಳಿಸಿಕೊಂಡೇ ಕೈ ಚಾಚುವುದು. ಬಣ್ಣದಲ್ಲಿ ಇದು ಮೇಲು, ತೊಟ್ಟಿನ ತಾಜಾತನದಲ್ಲಿ ಅದು ಮೇಲು. ಅಷ್ಟು ಹೊತ್ತಿಗೆ ಹಿಂದಿನಿಂದ ಬಂದವರು ಎರಡೂ ರಾಶಿಯಲ್ಲಿ ಒಳ್ಳೆಯದನ್ನು ಆರಿಸಿಕೊಂಡು ಹೋಗಿರುತ್ತಾರೆ. “ನನ್ನನ್ನ ಯಾರ ಜೊತೆ ಹೋಲಿಸಿ ಒಪ್ಕೊಂಡೆ?” ಎಂದು ನನ್ನ ಗಂಡ ಆಗಾಗ ಕೇಳುವುದುಂಟು. ಆ ತೀರ್ಪನ್ನು ಕಾಯ್ದಿರಿಸಿದ್ದೇನೆ.

ನಾವಿರುವುದು ಶಿಡ್ಲಘಟ್ಟದ ಅಂಚಿನ ಒಂದು ಬಡಾವಣೆಯಲ್ಲಿ. ಮನೆಯ ಮುಂಬಾಗಿಲು ತೆರೆದರೆ ಪೇಟೆ. ಹಿತ್ತಲ ಬಾಗಿಲು ತೆರೆದರೆ ಹಿಪ್ಪುನೇರಳೆಯ ತೋಟ. ಬೆಳಿಗ್ಗೆ ನಾನು ಚಿಕ್ಕಬಳ್ಳಾಪುರದ ಬಸ್ಸು ಹಿಡಿದು ಕಾಲೇಜಿಗೆ ಪಾಠ ಹೇಳಲು ಹೋಗುತ್ತೇನೆ. ನನ್ನ ಗಂಡ ಊರಿನಲ್ಲೇ ಒಂದು ಕಚೇರಿಯಲ್ಲಿದ್ದಾರೆ. ಮನೆಯನ್ನು ಆಳುವವರು ಅತ್ತೆ. ಅತ್ತೆಯನ್ನು ಆಳುವವಳು ನನ್ನ ಮಗಳು ಇಂಚರ.

ಇಂಚರಳಿಗೆ ಕಪಾಟಿನ ಬಾಗಿಲು ತೆಗೆಯಲು ಬಂದ ದಿನದಿಂದ ಆ ಗಂಟೆಗೆ ಮತ್ತೆ ಉದ್ಯೋಗ ದೊರೆಯಿತು. ಅದು ಯಾತಕ್ಕೆಂದು ಅವಳು ಕೇಳಿದಾಗ ನಾನು ವಿವರಿಸಿದೆ, ಸ್ವಲ್ಪ ಹೆಚ್ಚೇ ವಿವರಿಸಿದೆ. ವಿವರಣೆ ಮುಗಿಯುವ ಮೊದಲೇ ಅವಳು ಅದನ್ನು ಬಾರಿಸಿದಳು. ಅಂದಿನಿಂದ ಈ ಮನೆಯಲ್ಲಿ ನನ್ನ ಮಾತು ಉದ್ದವಾಯಿತೆಂದು ಅವಳಿಗೆ ಅನ್ನಿಸಿದರೆ ಟಿಣ್ ಎನ್ನುತ್ತದೆ. ಇನ್ನೊಮ್ಮೆ ಎಂದರೆ ನಾನು ಕೂರಬೇಕು. ನಿಯಮ ನಿಯಮವೇ. ಅದನ್ನು ಕಲಿಸಿದವಳು ನಾನೇ ಆದ್ದರಿಂದ ಮೇಲ್ಮನವಿಗೆ ಅವಕಾಶವಿಲ್ಲ.

ಇನ್ನು ನನ್ನ ನಂಬಿಕೆಯ ವಿಷಯ. ಒಂದು ಊರಿನ ಮಕ್ಕಳೆಲ್ಲ ಒಂದೇ ಶಾಲೆಯ ಅಂಗಳದಲ್ಲಿ ಮಣ್ಣಾಡಿ ಬೆಳೆದರೆ ಮಾತ್ರ ಆ ಊರು ಒಂದು ಊರಾಗುತ್ತದೆ ಎಂದು ನಾನು ನಂಬಿದ್ದೇನೆ. ಸರ್ಕಾರಿ ಶಾಲೆ ನಮ್ಮೆಲ್ಲರದು. ನಾವು ಬಿಟ್ಟು ಬಂದದ್ದರಿಂದಲೇ ಅದು ಸೊರಗಿದೆ. ನಾವು ಹಿಂತಿರುಗಿದರೆ ಚಿಗುರುತ್ತದೆ. ಇದನ್ನು ಮಹಿಳಾ ಸಂಘಗಳಲ್ಲಿ ಹೇಳಿದ್ದೇನೆ, ಸ್ವಾತಂತ್ರ್ಯ ದಿನಾಚರಣೆಯಲ್ಲಿ ಹೇಳಿದ್ದೇನೆ, ಒಮ್ಮೆ ನಾಮಕರಣದ ಊಟಕ್ಕೆ ಕುಳಿತಾಗ ಪಕ್ಕದೆಲೆಯವರಿಗೂ ಹೇಳಿದ್ದೇನೆ. ಈಗಲೂ ಅದರಲ್ಲಿ ಒಂದಕ್ಷರವನ್ನೂ ಹಿಂತೆಗೆದುಕೊಳ್ಳಲಾರೆ. ಆದರೆ ನಂಬಿಕೆ ಎನ್ನುವುದು ಅಡಮಾನದ ಒಡವೆಯಂತೆ. ಒಂದಲ್ಲ ಒಂದು ದಿನ ಬಿಡಿಸಿಕೊಳ್ಳಬೇಕಾಗುತ್ತದೆ. ಇಂಚರಳಿಗೆ ಒಂದನೆಯ ತರಗತಿಯ ವಯಸ್ಸಾಯಿತು.

ಎದುರುಮನೆಯ ಶಾಹೀನ್, ರೇಷ್ಮೆ ನೂಲು ಬಿಚ್ಚುವ ಘಟಕ ನಡೆಸುವವರ ಹೆಂಡತಿ, ಒಂದು ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಕೇಳಿಯೇಬಿಟ್ಟಳು.

“ಮೇಡಂ, ಇಂಚರಾನ ಎಲ್ಲಿಗೆ ಹಾಕ್ತೀರ? ನೀವು ಎಲ್ಲಿಗ್ ಹಾಕ್ತೀರೋ ನಮ್ ಝೋಯಾನೂ ಅಲ್ಲಿಗೇ. ನಿಮ್ ಭಾಷಣ ಕೇಳಿದೀನಲ್ಲ, ನಮ್ಮನೆಯವ್ರಿಗೆ ಹೇಳ್ಬಿಟ್ಟಿದೀನಿ.”

ನನ್ನ ಮಾತನ್ನು ಅಕ್ಷರಶಃ ನಂಬಿದವರು ಎದುರಿಗೆ ನಿಂತಾಗ ಎಷ್ಟು ಭಯವಾಗುತ್ತದೆ ಎಂಬುದನ್ನು ಯಾವ ಚರ್ಚಾಸ್ಪರ್ಧೆಯೂ ನನಗೆ ಹೇಳಿಕೊಟ್ಟಿರಲಿಲ್ಲ. ಅಲ್ಲಿ ತೀರ್ಪುಗಾರರು ಅಂಕ ಕೊಟ್ಟು ಮನೆಗೆ ಹೋಗುತ್ತಿದ್ದರು. ಯಾರೂ ತಮ್ಮ ಮಗುವನ್ನು ಕರೆದುಕೊಂಡು ಬಂದಿರಲಿಲ್ಲ.

ಅತ್ತೆಯ ಪಕ್ಷ ಸ್ಪಷ್ಟವಾಗಿತ್ತು. ನಮ್ಮ ಬೀದಿಗೆ ಹಳದಿ ವ್ಯಾನೊಂದು ಬರುತ್ತದೆ. ಅದರೊಳಗಿನ ಮಕ್ಕಳು ಟೈ ಕಟ್ಟಿಕೊಂಡು, ನಿದ್ದೆಗಣ್ಣಿನಲ್ಲಿ, ಬಹಳ ಗೌರವದಿಂದ ಹೋಗುತ್ತಾರೆ.

“ಬಾಗ್ಲಿಗೇ ವ್ಯಾನ್ ಬರುತ್ತೆ. ಹತ್ತುಸ್ತೀವಿ, ಇಳಿಸ್ಕೊಂತೀವಿ. ಭಾಷಣ ಮಾಡೋಳು ನೀನು, ಹೋಗಿ ಕೂರೋಳು ನನ್ ಮೊಮ್ಮಗಳಾ?”

“ಅತ್ತೆ, ನನ್ನ ಮಾತು ಪೂರ್ತಿ ಕೇಳಿ. ಊರಲ್ಲಿರೋ ಸರ್ಕಾರಿ ಶಾಲೆಗಳನ್ನ ನಾನೇ ಹೋಗಿ ನೋಡ್ತೀನಿ, ಒಂದಕ್ಕೊಂದು ಹೋಲಿಸ್ತೀನಿ. ಮೊದಲನೆಯದಾಗಿ ಕಟ್ಟಡ, ಎರಡನೆಯದಾಗಿ ಬೋಧನೆ, ಮೂರನೆಯದಾಗಿ...”

ಟಿಣ್.

“ಚಾಲಮ್ಮಾ!” ಸಾಕೆನಿಸಿದಾಗ ಅತ್ತೆಗೆ ತೆಲುಗು ಬರುತ್ತದೆ. “ಯುಗಾದಿ ತನಕ ನೋಡ್ಕೊ. ನಾನು ಹೋಗಿ ಬಾಗ್ಲಲ್ಲಿ ನಿಂತ್ರೆ ನನಗೂ ಸರಿ ಅನ್ನಿಸ್ಬೇಕು, ಅಂಥಾದ್ದು ಒಂದೇ ಒಂದು ತೋರ್ಸು. ಇಲ್ಲಾಂದ್ರೆ ವ್ಯಾನು. ಆಮೇಲೆ ಮಾತಿಲ್ಲ.”

ನಾನು ಗಂಡನ ಮುಖ ನೋಡಿದೆ. ಅವರು ಪತ್ರಿಕೆಯನ್ನು ಇನ್ನಷ್ಟು ಎತ್ತಿ ಹಿಡಿದರು. “ನಾನು ತೀರ್ಪುಗಾರ. ಮಾತಾಡೋ ಹಾಗಿಲ್ಲ.”

ಹೋಲಿಕೆಯನ್ನು ಶಾಸ್ತ್ರೀಯವಾಗಿಯೇ ನಡೆಸಬೇಕೆಂದು ಮೊದಲು ಜನಾಭಿಪ್ರಾಯ ಸಂಗ್ರಹಿಸಲು ಹೊರಟೆ. ಬಸ್ಸಿಗಿಂತ ಒಳ್ಳೆಯ ಸಭೆ ಎಲ್ಲಿದೆ? ಅಲ್ಲಿ ನಾನು ಕಂಡುಕೊಂಡದ್ದು ನಮ್ಮ ಕಡೆಯ ಜನರ ಒಂದು ವಿಚಿತ್ರ ವಿನಯ. ಒಳ್ಳೆಯ ಶಾಲೆ ಎನ್ನುವುದು ಇಲ್ಲಿ ಯಾವಾಗಲೂ ಪಕ್ಕದ ಊರಿನಲ್ಲಿರುತ್ತದೆ. ಚಿಕ್ಕಬಳ್ಳಾಪುರದ ನನ್ನ ಸಹೋದ್ಯೋಗಿಯೊಬ್ಬರು ಚಿಂತಾಮಣಿಯ ಶಾಲೆಗಳ ಶಿಸ್ತನ್ನು ಹೊಗಳಿದರು. ಚಿಂತಾಮಣಿಯಲ್ಲಿ ವಿಚಾರಿಸಿದರೆ, “ಓದಿಸಿದ್ರೆ ಗೌರಿಬಿದನೂರಲ್ಲಿ ಓದಿಸ್ಬೇಕು ಮೇಡಂ, ಅಲ್ಲಿ ಮೇಷ್ಟ್ರು ಮನೇಗೇ ಬಂದು ಕೇಳ್ತಾರಂತೆ” ಎಂದರು. ಗೌರಿಬಿದನೂರಿನಿಂದ ಬಂದ ನನ್ನ ವಿದ್ಯಾರ್ಥಿನಿಯೊಬ್ಬಳು, ಶಿಡ್ಲಘಟ್ಟದ ಮಕ್ಕಳು ಲೆಕ್ಕದಲ್ಲಿ ಚುರುಕೆಂದು ತನ್ನ ತಂದೆ ಬಯ್ಯುತ್ತಿದ್ದುದನ್ನು ನೆನೆದಳು. ಶಿಡ್ಲಘಟ್ಟದಲ್ಲಿ ನಮ್ಮ ಬೀದಿಯವರೆಲ್ಲ ಮುದ್ದೇನಹಳ್ಳಿಯ ಕಡೆಗೆ ಕೈ ತೋರಿಸಿದರು. ಮುರುಗಮಲ್ಲದ ದರ್ಗಾಕ್ಕೆ ಹೋಗಿ ಬರುತ್ತಿದ್ದ ಒಬ್ಬ ಅಜ್ಜಿ ಮಾತ್ರ, “ಮೊಮ್ಮಗ ಎಲ್ಲಿ ಓದಿದ್ರೂ ಪಾಸಾಗ್ಲಿ ಅಂತ ಕೇಳ್ಕೊಂಡ್ ಬಂದಿದೀನಿ. ಸ್ಕೂಲ್ ಹೆಸ್ರು ಹೇಳ್ಲಿಲ್ಲ, ಬದಲಾದ್ರೆ ತೊಂದ್ರೆ ಅಲ್ವಾ” ಎಂದರು. ಅಷ್ಟು ದೂರದೃಷ್ಟಿ ಬೇರೆ ಯಾರಲ್ಲಿಯೂ ಕಾಣಲಿಲ್ಲ.

ಬೆಳಗಿನ ಹೊತ್ತು ನಮ್ಮ ರಸ್ತೆಯಲ್ಲಿ ನೀವು ನಿಂತು ನೋಡಬೇಕು. ಆ ಊರಿನ ಮಕ್ಕಳನ್ನು ತುಂಬಿಕೊಂಡ ಬಸ್ಸು ಈ ಊರಿಗೆ ಬರುತ್ತಿರುತ್ತದೆ, ಈ ಊರಿನ ಮಕ್ಕಳನ್ನು ತುಂಬಿಕೊಂಡದ್ದು ಆ ಊರಿಗೆ ಹೋಗುತ್ತಿರುತ್ತದೆ. ಎದುರುಬದುರಾದಾಗ ಎರಡೂ ಬಸ್ಸಿನ ಮಕ್ಕಳು ಕಿಟಕಿಯಿಂದ ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಳ್ಳುತ್ತಾರೆ.

ಜನಾಭಿಪ್ರಾಯವನ್ನು ಕೈಬಿಟ್ಟು ಪ್ರತ್ಯಕ್ಷ ಪ್ರಮಾಣಕ್ಕೆ ಬಂದೆ. ನಮಗೆ ಎಟುಕುವಂತಿದ್ದ ಸರ್ಕಾರಿ ಶಾಲೆಗಳು ಮೂರು. ಅವುಗಳ ನಿಜವಾದ ಹೆಸರು ಉದ್ದವಾದ್ದರಿಂದ ನಮ್ಮ ಮನೆಯಲ್ಲಿ ಇಟ್ಟ ಹೆಸರಿನಿಂದಲೇ ಕರೆಯುತ್ತೇನೆ.

ಮೊದಲು ನೋಡಿದ್ದು ಪೇಟೆ ಶಾಲೆ. ಅದರ ಗೋಡೆಗೆ ರೈಲಿನ ಬೋಗಿಗಳ ಚಿತ್ರ ಬರೆದಿದ್ದಾರೆ. ಮಕ್ಕಳು ಬೋಗಿಯ ಬಾಗಿಲಿನಲ್ಲಿ ಹತ್ತಿ ಒಂದನೆಯ ತರಗತಿಯಲ್ಲಿ ಇಳಿಯುತ್ತಾರೆ. ಒಳಗೆ ಪರದೆ ಹೊದ್ದ ಒಂದು ದೊಡ್ಡ ಟಿವಿ, ತೊಳೆದ ಶೌಚಾಲಯ, ಉತ್ಸಾಹಿ ಶಿಕ್ಷಕಿಯರು. ಮಕ್ಕಳ ಗದ್ದಲದಲ್ಲೇ ಒಂದು ಆರೋಗ್ಯವಿತ್ತು. ಮನಸ್ಸಿನಲ್ಲೇ ಧಾರಾಳವಾಗಿ ಅಂಕ ಕೊಟ್ಟೆ. ಆದರೆ ಅಲ್ಲಿಗೆ ತಲುಪಲು ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ, ಮೂಟೆ ಹೇರಿದ ಆಟೋಗಳ ನಡುವೆ ರಸ್ತೆ ದಾಟಬೇಕು. ನಾನೇ ಆ ಕಡೆಗೆ ದಾಟಲು ಒಬ್ಬ ಹಣ್ಣಿನ ಗಾಡಿಯವನ ಮರೆ ಹಿಡಿಯಬೇಕಾಯಿತು. ಅತ್ತೆ ಆ ರಸ್ತೆಯನ್ನು ನೋಡಿದ ಕ್ಷಣವೇ ಚರ್ಚೆ ಮುಗಿಯುತ್ತದೆಂದು ನನಗೆ ತಿಳಿದಿತ್ತು.

ಎರಡನೆಯದು ಕೆರೆಯ ಕೋಡಿಯ ಪಕ್ಕದ ಶಾಲೆ. ಅಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ. ನಾನು ಒಳಗೆ ಕಾಲಿಟ್ಟೊಡನೆ ಮಕ್ಕಳೆಲ್ಲ ಎದ್ದು ‘ಗುಡ್ ಮಾರ್ನಿಂಗ್ ಮೇಡಂ’ ಎಂಬುದನ್ನು ಸಂಗೀತದ ಹಾಗೆ ಎಳೆದರು. ಅದು ಮುಗಿಯುವಷ್ಟರಲ್ಲಿ ನಾನು ಕಪ್ಪುಹಲಗೆಯ ಮೇಲಿದ್ದುದನ್ನೆಲ್ಲ ಓದಿ ಮುಗಿಸಿದ್ದೆ. ಒಳ್ಳೆಯ ಗ್ರಂಥಾಲಯವಿದೆ. ಅದರ ಬೀಗದ ಕೈ ತರಬೇತಿಗೆ ಹೋದ ಒಬ್ಬ ಶಿಕ್ಷಕರ ಜೇಬಿನಲ್ಲಿತ್ತು. ಶಾಲೆ ಚೆನ್ನಾಗಿಯೇ ಇತ್ತು. ದೂರ ಮಾತ್ರ ಪೇಟೆ ಶಾಲೆಗಿಂತ ಹೆಚ್ಚು.

ಹೀಗಾಗಿ ನನ್ನ ಆಸೆಯೆಲ್ಲ ಉಳಿದದ್ದು ಮೂರನೆಯದರ ಮೇಲೆ. ನಮ್ಮ ಬಡಾವಣೆ ಮುಗಿದೊಡನೆ ಹಿಪ್ಪುನೇರಳೆಯ ತೋಟಗಳ ನಡುವೆ ರೈತರ ಎರಡು ಬೀದಿಗಳಿವೆ. ಅವುಗಳ ಕೊನೆಗೆ ನಾಲ್ಕು ಕೋಣೆಯ ಒಂದು ಶಾಲೆ. ನಮ್ಮ ಮನೆಯಿಂದ ನಡೆದೇ ಹೋಗಬಹುದು, ದಾಟಬೇಕಾದ ರಸ್ತೆಯಿಲ್ಲ. ಅದು ತೋಟದ ಶಾಲೆ.

ಕಾಲೇಜಿಗೆ ರಜೆ ಹಾಕಿ ಒಂದು ಬೆಳಿಗ್ಗೆ ಹೊರಟೆ. ದಾರಿಯುದ್ದಕ್ಕೂ ಮುಖ್ಯ ಶಿಕ್ಷಕಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಬೀದಿಯ ಎರಡೂ ಬದಿಯ ಗೋಡೆಗಳಿಗೆ ಬಿದಿರಿನ ದೊಡ್ಡ ದೊಡ್ಡ ತಟ್ಟಿಗಳನ್ನು ಒರಗಿಸಿ, ಮೇಲೆ ಹಳೆಯ ಪಂಚೆಗಳನ್ನು ಹೊದಿಸಿದ್ದರು. ಸೀರೆಯ ನೆರಿಗೆ ಎತ್ತಿ ಹಿಡಿದು ಬಳಸಿಕೊಂಡು ಹೋಗಬೇಕಾಯಿತು. ‘ಶಾಲೆಯ ದಾರಿ ಅಡೆತಡೆಗಳಿಂದ ಕೂಡಿದೆ’ ಎಂದುಕೊಂಡು ಅಲ್ಲಿಯೇ ಸ್ವಲ್ಪ ಅಂಕ ಕಳೆದೆ.

ಶಾಲೆ ಖಾಲಿ ಇತ್ತು. ಖಾಲಿ ಎಂದರೆ, ಮೂರು ಕೋಣೆಗಳಲ್ಲಿ ಗಾಳಿ. ನಾಲ್ಕನೆಯದರಲ್ಲಿ ಬೇರೆ ಬೇರೆ ತರಗತಿಯ ಬೆರಳೆಣಿಕೆಯ ಮಕ್ಕಳು ಚಾಪೆಯ ಮೇಲೆ ದುಂಡಗೆ ಕುಳಿತಿದ್ದರು. ಅವರ ನಡುವೆ ಸರೋಜಮ್ಮ ಎಂಬ ಮುಖ್ಯ ಶಿಕ್ಷಕಿ. ತಲೆಯೆತ್ತಿ ನನ್ನನ್ನು ನೋಡಿ ನಕ್ಕು, ಯಾವ ಸಂಕೋಚವೂ ಇಲ್ಲದೆ ಹೇಳಿದರು.

“ಇವತ್ತು ಯಾರೂ ಇಲ್ಲ ಮೇಡಂ. ಮುಂದಿನ ವಾರ ಬನ್ನಿ.”

ಅಷ್ಟೆ. ಕಾರಣ ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ. ಮತ್ತೆ ಮಕ್ಕಳ ಕಡೆ ತಿರುಗಿದರು. ನಾನು ಹಿಂತಿರುಗಿದೆ. ಮನೆಗೆ ಬರುವಷ್ಟರಲ್ಲಿ ನನ್ನ ನಿರಾಶೆ ಒಂದು ಸಮಗ್ರ ಭಾಷಣದ ರೂಪ ತಾಳಿತ್ತು.

ಸಂಜೆ ಅತ್ತೆ ಹಜಾರದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಇಂಚರ ಸಿಪ್ಪೆಯಲ್ಲಿ ದೋಣಿ ಮಾಡುತ್ತಿದ್ದಳು. ಗಂಡನೂ ಬಂದು ಕುಳಿತ ಮೇಲೆ ಆರಂಭಿಸಿದೆ. ಸಾರ್ವಜನಿಕ ಶಿಕ್ಷಣದ ಬಗ್ಗೆ ನನಗೆ ಗೌರವವಿದ್ದರೂ ಸತ್ಯವನ್ನು ಮುಚ್ಚಿಡುವುದು ನನ್ನ ಜಾಯಮಾನವಲ್ಲ ಎಂದೆ. ಕೆಲಸದ ದಿನ ಶಾಲೆ ಖಾಲಿಯಾಗಿತ್ತು; ಅದಕ್ಕಿಂತ ಹೆಚ್ಚಾಗಿ, ಅದರ ಬಗ್ಗೆ ಶಿಕ್ಷಕಿಗೆ ನಾಚಿಕೆಯೂ ಇರಲಿಲ್ಲ; ದಾರಿಯೂ ಸರಿಯಿಲ್ಲ, ಬೀದಿಯ ತುಂಬ ಬಿದಿರಿನ ತಟ್ಟಿ ಒರಗಿಸಿ, ಬಟ್ಟೆ ಮುಚ್ಚಿ...

ಅತ್ತೆಯ ಕೈ ನಿಂತಿತು.

“ಏನು ಒರಗ್ಸಿದ್ರು?”

“ತಟ್ಟಿ ಅತ್ತೆ. ದೊಡ್ಡದು. ಬಿದಿರಿಂದು.”

“ಒಳಗೆ ಸುತ್ತು ಸುತ್ತು ಇತ್ತಾ?”

“ಇದ್ದಿರ್ಬೇಕು. ಬಟ್ಟೆ ಮುಚ್ಚಿತ್ತು...”

“ಅಯ್ಯೋ ನಿನ್ನ! ಅದು ಚಂದ್ರಿಕೆ ಅಲ್ವೇನಮ್ಮಾ! ಹುಳು ಹಣ್ಣಾಗಿದೆ. ಹುಳು ಹಣ್ಣಾದ್ ದಿನ ಸ್ಕೂಲಲ್ಲಿ ಯಾರಿರ್ತಾರೆ? ಮಂಡಿಕಲ್ ಕಡೆ ಹುಳದ್ ಮನೇಲಿ ಹುಟ್ಟಿದೋಳು ನೀನು, ತಟ್ಟಿ ಅಂತೀಯಲ್ಲ!”

ರೇಷ್ಮೆಯ ಸಂಗತಿ ತಿಳಿಯದವರಿಗಾಗಿ ಒಂದು ಮಾತು. ಸೊಪ್ಪು ತಿಂದು ಬೆಳೆದ ಹುಳು ಕೊನೆಗೊಂದು ದಿನ ತಿನ್ನುವುದನ್ನು ನಿಲ್ಲಿಸಿ, ಮೈಯೆಲ್ಲ ಹೊಂಬಣ್ಣವಾಗಿ, ತಲೆಯೆತ್ತಿ ಅತ್ತಿತ್ತ ಆಡಿಸುತ್ತದೆ. ಅದೇ ಹಣ್ಣಾಗುವುದು. ಆಗ ಅದನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಯ ಮೇಲೆ ಬಿಡಬೇಕು. ತಡಮಾಡಿದರೆ ಕಂಡ ಕಂಡಲ್ಲಿ ನೂಲು ಸುತ್ತಿ ಕೆಡುತ್ತದೆ. ಇಡೀ ಬೀದಿಯವರು ಮರಿಹುಳುವನ್ನು ಒಂದೇ ಕೇಂದ್ರದಿಂದ ಒಂದೇ ದಿನ ತಂದಿರುವುದರಿಂದ ಎಲ್ಲರ ಮನೆಯಲ್ಲೂ ಒಟ್ಟಿಗೇ ಹಣ್ಣಾಗುತ್ತದೆ. ಆ ದಿನ ಮನೆಯಲ್ಲಿ ಕೈ ಇರುವವರೆಲ್ಲ ಬೇಕು. ಪುಟ್ಟ ಬೆರಳುಗಳು ಇನ್ನೂ ಹೆಚ್ಚು ಬೇಕು.

ಇದು ನನಗೆ ಗೊತ್ತಿರದ ವಿಷಯವೇ? ಹಣ್ಣುಹುಳುವಿನ ಸ್ಪರ್ಶ ನನ್ನ ಬೆರಳಿನಲ್ಲಿ ಈಗಲೂ ಇದೆ: ತೊಳೆದ ದ್ರಾಕ್ಷಿಯಂತೆ ತಣ್ಣಗೆ, ಆದರೆ ಜೀವಂತ. ತವರುಮನೆಯ ಹಜಾರದ ಗೂಟಕ್ಕೆ ತಗುಲಿಸಿದ್ದ ನನ್ನ ಪುಸ್ತಕದ ಚೀಲದೊಳಗೆ ಒಮ್ಮೆ ಒಂದು ಹುಳು ಇಳಿದು, ಕಂಪಾಸು ಪೆಟ್ಟಿಗೆಯ ಮೂಲೆಯಲ್ಲಿ ನಿಶ್ಚಿಂತೆಯಾಗಿ ಗೂಡು ಕಟ್ಟಿತ್ತು. ಕೋನಮಾಪಕ ತೆಗೆಯಲು ಹೋದವಳು ತರಗತಿಯ ಮಧ್ಯೆ ಕಿರುಚಿದೆ. ನಮ್ಮ ಮೇಷ್ಟ್ರು ಬಂದು ನೋಡಿ, “ನಿನಗಿಂತ ಇದೇ ವಾಸಿ ಕಣೇ, ಬಂದಿದ್ದ ಕೆಲ್ಸ ಮುಗಿಸ್ಬಿಟ್ಟಿದೆ” ಎಂದು ಆ ಗೂಡನ್ನು ತಮ್ಮ ಮೇಜಿನ ಮೇಲಿಟ್ಟುಕೊಂಡರು. ಹುಳು ಹಣ್ಣಾದ ದಿನ ನಮ್ಮ ಶಾಲೆಯೂ ಹೀಗೆಯೇ ಬರಿದಾಗುತ್ತಿತ್ತು. ಮರುದಿನ ನಮ್ಮ ಪುಸ್ತಕಗಳಿಗೆಲ್ಲ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಇಷ್ಟೆಲ್ಲ ಕಂಡವಳು ಚಂದ್ರಿಕೆಗಳ ನಡುವೆ ಸೀರೆಯ ನೆರಿಗೆ ಎತ್ತಿಕೊಂಡು ನಡೆದಿದ್ದೆ. ಬೆಳಿಗ್ಗೆ ನಾನು ನೋಡುತ್ತಿರಲಿಲ್ಲ, ಅಂಕ ಹಾಕುತ್ತಿದ್ದೆ. ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲವೆಂದು ಕಾಣುತ್ತದೆ.

ಆದರೆ ಆ ಸಂಜೆಯ ನಿಜವಾದ ಸೊಗಸು ಬೇರೆಯೇ. ವ್ಯಾನಿನ ಪಕ್ಷದವರು ಅತ್ತೆ. ಅವರು ಸುಮ್ಮನೆ ಅವರೆಕಾಯಿ ಸುಲಿಯುತ್ತಿದ್ದರೆ ಸಾಕಿತ್ತು, ನನ್ನ ಭಾಷಣವೇ ಅವರನ್ನು ಗೆಲ್ಲಿಸುತ್ತಿತ್ತು. ಎದುರಾಳಿಯ ತಪ್ಪನ್ನು ಎದುರಾಳಿಯ ಪರವಾಗಿ ತಿದ್ದಿದ ಸ್ಪರ್ಧಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ. ಅದು ಅವರಿಗೂ ಹೊಳೆದಿರಬೇಕು. ಸುಲಿದ ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದರು.

ಪತ್ರಿಕೆಯ ಹಿಂದಿನಿಂದ ದನಿ ಬಂತು. “ಅಮ್ಮ, ನೀನ್ಯಾವ್ ಕಡೆ?”

“ನೀನ್ ಸುಮ್ನಿರೋ! ಸುಳ್ಳು ಹೇಳಿ ಗೆಲ್ಬೇಕಾ ನಾನು?” ಎಂದು ಅತ್ತೆ ಮೊರವನ್ನು ಕೊಡವಿದರು. “ಮುಂದಿನ್ ವಾರ ನಾನೂ ಬರ್ತೀನಿ ನಡಿ. ನಿನ್ ಕಣ್ಣಲ್ಲಿ ನೋಡಿದ್ರೆ ಇದ್ದಿದ್ದೂ ಕಾಣಲ್ಲ.”

ಇಂಚರ ಎದ್ದು ಹೋಗಿ ಗಂಟೆಯನ್ನು ಎರಡು ಬಾರಿ ಬಾರಿಸಿದಳು. ನಾನು ಆಗಲೇ ಕುಳಿತಿದ್ದೆ.

ಮುಂದಿನ ವಾರ ಇಂಚರಳನ್ನೂ ಕರೆದುಕೊಂಡು ಹೋದಾಗ ಬೀದಿಯಲ್ಲಿ ಚಂದ್ರಿಕೆಗಳ ಬದಲು ಗೂಡು ಬಿಡಿಸಿ ರಾಶಿ ಹಾಕುತ್ತ ಹೆಂಗಸರು ಕುಳಿತಿದ್ದರು. ಅತ್ತೆ ಹೆಜ್ಜೆಗೊಬ್ಬರನ್ನು ಮಾತಾಡಿಸಿ, ಗೂಡನ್ನು ಹಿಸುಕಿ ನೋಡಿ, ಅಭಿಪ್ರಾಯ ಕೊಟ್ಟು, ನನ್ನ ಪ್ರಶ್ನೆಗಳಿಗೆ ಇಟ್ಟುಕೊಂಡಿದ್ದ ಸಮಯವನ್ನೆಲ್ಲ ದಾರಿಯಲ್ಲೇ ಖರ್ಚು ಮಾಡಿದರು. ಶಾಲೆ ತುಂಬಿತ್ತು. ಆದರೆ ಸದ್ದು ಬೇರೆಯಾಗಿತ್ತು. ಪೇಟೆ ಶಾಲೆಯ ಗದ್ದಲವಲ್ಲ, ಕೋಡಿ ಶಾಲೆಯ ಸಂಗೀತವೂ ಅಲ್ಲ. ಒಂದು ಹಿಂಡು ಜನ ತಗ್ಗಿದ ದನಿಯಲ್ಲಿ ಜಗಳವಾಡಿದಂತಿತ್ತು.

ಕೋಣೆಯಲ್ಲಿ ಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ಕುಳಿತಿದ್ದರು. ಬಾಗಿಲ ಬಳಿ ಎರಡು ಜಡೆಯ ಹುಡುಗಿಯೊಬ್ಬಳು ತನಗಿಂತ ಎತ್ತರದ ಹುಡುಗನಿಗೆ ದಶಕ ತಂದು ಕಳೆಯುವ ಲೆಕ್ಕ ಹೇಳುತ್ತಿದ್ದಳು. ಸ್ಲೇಟನ್ನು ಅವನ ಕಡೆ ತಿರುಗಿಸಿದಳು. “ಅರ್ಥ ಆಯ್ತೇನೋ?” ಅವನು ತಲೆಯಾಡಿಸಿದ. “ಸುಮ್ನೆ ತಲೆ ಆಡಿಸ್ಬೇಡ. ನೀನೇ ಹೇಳು ನೋಡಣ.” ಅವನು ಹೇಳಿದ. ತಪ್ಪಿತು. ಅವಳು ಹಣೆ ಚಚ್ಚಿಕೊಂಡು, ಈ ಸಲ ಕಿಸೆಯಲ್ಲಿದ್ದ ಹುಣಿಸೆಬೀಜಗಳನ್ನು ತೆಗೆದು ಇನ್ನೊಂದು ದಾರಿಯಲ್ಲಿ ಶುರುಮಾಡಿದಳು.

“ಇದು ನಮ್ ಪದ್ಧತಿ ಮೇಡಂ,” ಎಂದರು ಸರೋಜಮ್ಮ. “ಹುಳು ಹಣ್ಣಾದ್ ದಿನ ಬಂದವ್ರು, ಬರದವ್ರಿಗೆ ಹೇಳ್ಕೊಡ್ಬೇಕು. ಮೇಲಿನ ಬೀದೀದು ಒಂದ್ಸಲ, ಕೆಳಗಿನ ಬೀದೀದು ಒಂದ್ಸಲ ಹಣ್ಣಾಗುತ್ತೆ. ಇವತ್ತು ಹೇಳಿಸ್ಕೊಂಡೋನು ಮುಂದಿನ ಸಲ ಹೇಳ್ಕೊಡ್ತಾನೆ. ನೀವು ಬಂದಿದ್ ದಿನ ಎರಡೂ ಬೀದೀದು ಒಟ್ಟಿಗೇ ಬಂದ್ಬಿಡ್ತು. ಯಾವಾಗ್ಲೋ ಹಂಗಾಗುತ್ತೆ. ಆಗ ಬಂದಿದ್ ಒಂದಿಷ್ಟ್ ಮಕ್ಕಳಿಂದ ಹೇಳಿಸ್ಕೊಂಡವ್ರೇ ಮಿಕ್ಕವ್ರಿಗೆ ಹೇಳ್ಕೊಡ್ತಾರೆ.”

“ಅವತ್ತೇ ಹೇಳ್ಬಹುದಿತ್ತಲ್ಲ ಮೇಡಂ?”

“ಚಂದ್ರಿಕೆ ನೋಡ್ಕೊಂಡೇ ಬಂದ್ರಲ್ಲ, ಗೊತ್ತಾಗಿರುತ್ತೆ ಅನ್ಕೊಂಡೆ.”

ಅತ್ತೆ ಗೋಡೆಯ ಕಡೆ ತಿರುಗಿ ಕೆಮ್ಮಿದರು.

ನಾನು ಸುಧಾರಕಿಯ ಕರ್ತವ್ಯವನ್ನು ಬಿಡಲಿಲ್ಲ. ಮಕ್ಕಳನ್ನು ಕೆಲಸಕ್ಕಾಗಿ ಶಾಲೆ ಬಿಡಿಸುವುದು ಸರಿಯೇ ಎಂದು ಕೇಳಿದೆ. “ಸರಿ ಅಲ್ಲ,” ಎಂದರು ಅವರು. “ಮನೆ ಮನೆಗೆ ಹೋಗಿ ಹೇಳಿದೀನಿ. ಮೊದ್ಲು ನಾಕೈದು ದಿನ ಬರ್ತಿರ್ಲಿಲ್ಲ, ಈಗ ಒಂದು ದಿನಕ್ಕೆ ಬಂದಿದೆ. ಪೂರ್ತಿ ನಿಲ್ಸಕ್ಕೆ ನನ್ ಕೈಲಿ ಇನ್ನೂ ಆಗಿಲ್ಲ.” ಈ ವಿಷಯದಲ್ಲಿ ಪರವಾಗಿಯೂ ವಿರೋಧವಾಗಿಯೂ ನನ್ನ ಬಳಿ ಸಿದ್ಧ ಭಾಷಣಗಳಿದ್ದವು. ಅವರ ‘ಇನ್ನೂ’ ಎಂಬುದರ ಮುಂದೆ ಎರಡೂ ನಿಲ್ಲಲಿಲ್ಲ. ಜೊತೆಗೆ ಆ ಎರಡು ಜಡೆಯ ಹುಡುಗಿ ನನ್ನ ತಲೆಯಲ್ಲಿ ಕುಳಿತುಬಿಟ್ಟಿದ್ದಳು. ಅಷ್ಟು ವರ್ಷ ಅಷ್ಟು ವೇದಿಕೆಗಳಲ್ಲಿ ಮಾತನಾಡಿದ ನಾನು ಎದುರಿಗಿದ್ದವರನ್ನು ‘ಅರ್ಥವಾಯಿತೇ’ ಎಂದು ಒಮ್ಮೆಯಾದರೂ ಕೇಳಿದ್ದೆನೇ? ನಮ್ಮ ಸ್ಪರ್ಧೆಗಳಲ್ಲಿ ಅದಕ್ಕೆ ಅಂಕವಿರಲಿಲ್ಲ.

ಈಗ ಅತ್ತೆಯ ಸರದಿ. ಅವರು ಕಟ್ಟಡದ ಬಗ್ಗೆ ಕೇಳಲಿಲ್ಲ, ಬೋಧನಾ ಕ್ರಮದ ಬಗ್ಗೆ ಕೇಳಲಿಲ್ಲ. ಕುಡಿಯುವ ನೀರಿನ ತೊಟ್ಟಿಯ ಮುಚ್ಚಳ ತೆಗೆದು ನೋಡಿದರು. ಅಡುಗೆಯವರಿಂದ ಸಾರು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, “ಉಪ್ಪು ಒಂದು ಕಲ್ಲು ಕಮ್ಮಿ” ಎಂದರು. ಆಮೇಲೆ ಸರೋಜಮ್ಮನವರ ಮುಂದೆ ಬಂದು ನಿಂತು, ನಾನು ಒಂದು ತಿಂಗಳಿನಿಂದ ಯಾವ ಪ್ರಶ್ನೆಗೆ ಹೆದರಿದ್ದೆನೋ ಅದನ್ನೇ ಕೇಳಿದರು.

“ನಿಮ್ ಮಕ್ಕಳು ಎಲ್ಲಿ ಓದಿದ್ದು ತಾಯಿ?”

ಕೋಣೆಯಲ್ಲಿ ಮಕ್ಕಳ ಗುಜುಗುಜು ನಡೆದೇ ಇತ್ತು. ಸರೋಜಮ್ಮ ಬೇರೆ ಏನಾದರೂ ಹೇಳಿಬಿಡಲಿ ಎಂದು ನಾನು ಹಾರೈಸಿದೆ. ಈ ಒಂದು ಉತ್ತರದಿಂದ ಯುಗಾದಿ ಇಂದೇ ಬಂದುಬಿಡಬಹುದಿತ್ತು.

“ನನ್ ಮಗಳು ವ್ಯಾನ್ ಸ್ಕೂಲಲ್ಲೇ ಓದಿದ್ಲಮ್ಮಾ,” ಎಂದರು. “ಇಲ್ಲೇ ಹಾಕ್ಬೇಕು ಅಂತ ನನಗೆ ಬಹಳ ಆಸೆ ಇತ್ತು. ನಮ್ಮತ್ತೆ ಒಪ್ಲಿಲ್ಲ. ಸ್ಕೂಲ್ ಬಾಗ್ಲಿಗೂ ಬಂದು ನೋಡ್ಲಿಲ್ಲ. ದಿನಾ ಜಗಳ ಯಾಕೆ ಅಂತ ಸೋತೆ.”

ಮುಗಿಯಿತು ಎಂದುಕೊಂಡೆ. ಕಣ್ಣ ಮುಂದೆ ಹಳದಿ ವ್ಯಾನು ಬಂದು ನಿಂತಿತು. ಅದರೊಳಗೆ ಇಂಚರ, ಅದರ ಹಿಂದೆ ಝೋಯಾಳ ಕೈ ಹಿಡಿದು ನನ್ನನ್ನೇ ನೋಡುತ್ತಿದ್ದ ಶಾಹೀನ್. ಖಂಡನೆಗಾಗಿ ನಾನು ವಾಕ್ಯಗಳನ್ನು ಜೋಡಿಸಿಕೊಳ್ಳತೊಡಗಿದೆ: ಮೊದಲನೆಯದಾಗಿ, ವ್ಯಕ್ತಿಯ ಆಯ್ಕೆಯಿಂದ ವ್ಯವಸ್ಥೆಯನ್ನು ಅಳೆಯಬಾರದು...

ಅತ್ತೆ ಸೆರಗು ಸರಿಮಾಡಿಕೊಂಡರು.

“ನೋಡ್ದೇನೇ ಬೇಡ ಅಂದ್ರಾ ನಿಮ್ಮತ್ತೆ?”

“ಹೂಂ.”

“ಅದೆಂಥಾ ಅತ್ತೆ!” ಎಂದರು ಅತ್ತೆ, ಆ ಕಾಣದ ಹೆಂಗಸಿನ ಮೇಲೆ ನಿಜವಾಗಿಯೂ ಸಿಟ್ಟಾಗಿ. “ನಾನು ನೋಡಕ್ ಬಂದಿದೀನಿ ತಾಯಿ. ನೋಡ್ದೆ. ನೀರು ಚೊಕ್ಕಟ ಇದೆ. ಮಕ್ಕಳು ಹೆದರ್ಕೊಂಡು ಕೂತಿಲ್ಲ. ಮಗಳ ವಿಷಯ ಕೇಳಿದ್ರೆ ನೀವು ಸುಳ್ಳೂ ಹೇಳ್ಲಿಲ್ಲ. ನಮ್ಮನೇಲಿ ಸೊಸೆ ಮಾತೂ ನಡೆಯುತ್ತೆ, ಹಂಗಂತ ಬೇಕಾದ್ರೆ ನಿಮ್ಮತ್ತೆಗೆ ಹೇಳಿ. ಏ ಇಂಚೂ, ಬಾ ಇಲ್ಲಿ, ಮೇಡಂಗೆ ನಮಸ್ಕಾರ ಮಾಡು.”

ಇಂಚರ ಬರಲಿಲ್ಲ. ಅವಳು ಎರಡು ಜಡೆಯ ಹುಡುಗಿಯ ಪಕ್ಕದಲ್ಲಿ ಕುಳಿತು ಹುಣಿಸೆಬೀಜ ಎಣಿಸುತ್ತಿದ್ದಳು.

ಹೀಗೆ ನನ್ನ ಬದುಕಿನ ಅತಿ ಮುಖ್ಯವಾದ ಚರ್ಚೆಯನ್ನು ನಾನು ಬಾಯಿ ತೆರೆಯದೆ ಗೆದ್ದೆ. ಗೆದ್ದೆನೆನ್ನುವುದೂ ಸರಿಯಲ್ಲ, ಅತ್ತೆ, ತಾವೆಂದೂ ಕಾಣದ ಇನ್ನೊಬ್ಬ ಅತ್ತೆಯನ್ನು ಸೋಲಿಸಿದರು. ದಾರಿಯಲ್ಲಿ ಬರುವಾಗ, ಯಾವ ಅಂಶ ಅವರ ಮನಸ್ಸನ್ನು ಬದಲಿಸಿತೆಂದು ಕೇಳಿದೆ. “ಅಂಶಾನೂ ಇಲ್ಲ, ಗಿಂಶಾನೂ ಇಲ್ಲ. ಸಾರಿಗೆ ಉಪ್ಪು ಹಾಕಕ್ ಹೇಳು” ಎಂದರು.

ಯುಗಾದಿ ಕಳೆದು, ಬೇಸಿಗೆ ಕಳೆದು, ಶಾಲೆ ತೆರೆಯಿತು. ಇಂಚರ, ಝೋಯಾ ಇಬ್ಬರೂ ಕೈ ಹಿಡಿದುಕೊಂಡು ತೋಟದ ಹಾದಿಯಲ್ಲಿ ನಡೆದು ಹೋಗುತ್ತಾರೆ. ಹಳದಿ ವ್ಯಾನು ಈಗಲೂ ನಮ್ಮ ಬೀದಿಗೆ ಬರುತ್ತದೆ. ಎಲ್ಲರನ್ನೂ ನಾನು ಒಪ್ಪಿಸಿಲ್ಲ. ತೋಟದ ಶಾಲೆಗೆ ಗ್ರಂಥಾಲಯವಿಲ್ಲ. ಮಳೆ ಬಂದರೆ ಒಂದು ಕೋಣೆ ಸೋರುತ್ತದೆ. ಇವೆರಡಕ್ಕಾಗಿ ನಾನು ಓಡಾಡುತ್ತಿದ್ದೇನೆ. ಸಾರಿನ ಉಪ್ಪು ಸರಿಹೋಗಿದೆಯಂತೆ.

ಮೊನ್ನೆ ಕೆಳಗಿನ ಬೀದಿಯಲ್ಲಿ ಹುಳು ಹಣ್ಣಾಯಿತು. ಸಂಜೆ ಕಾಲೇಜಿನಿಂದ ಬಂದಾಗ ಹಜಾರದಲ್ಲಿ ಪಾಠ ನಡೆಯುತ್ತಿತ್ತು. ಆ ದಿನ ಶಾಲೆಗೆ ಬಾರದವರಲ್ಲಿ ಇಂಚರಳ ಪಾಲಿಗೆ ಮಂಜ ಎಂಬ ಹುಡುಗ ಬಂದಿದ್ದನಂತೆ. ಮರುದಿನ ಅವನಿಗೆ ಕೂಡುವ ಲೆಕ್ಕ ಹೇಳಿಕೊಡಬೇಕು. ಅದಕ್ಕೆ ಮೊದಲು ಅಜ್ಜಿಯ ಮೇಲೆ ಅಭ್ಯಾಸ. ಅತ್ತೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ, ವಿಧೇಯ ವಿದ್ಯಾರ್ಥಿನಿಯಂತೆ ಕುಳಿತಿದ್ದರು. ಮುಂದೆ ಹುಣಿಸೆಬೀಜ. ಪಕ್ಕದಲ್ಲಿ ಗಂಟೆ. ಅಜ್ಜಿಯ ಆಚೆ ಬದಿಯ ಜಾಗವನ್ನು ಇಂಚರ ಮಂಜನದೆಂದು ಖಾಲಿ ಬಿಟ್ಟಿದ್ದಳು.

“ಅರ್ಥ ಆಯ್ತಾ ಅಜ್ಜಿ?”

ಅತ್ತೆ ತಲೆಯಾಡಿಸಿದರು.

“ಸುಮ್ನೆ ತಲೆ ಆಡಿಸ್ಬೇಡ. ನೀನೇ ಹೇಳು ನೋಡಣ.”

ಅತ್ತೆ ಬೀಜಗಳನ್ನು ಒಂದೊಂದಾಗಿ ಸರಿಸುತ್ತ, ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ ಎಣಿಸತೊಡಗಿದರು. ನಾನು ಚೀಲವನ್ನು ಭುಜದಿಂದ ಇಳಿಸದೆ ಬಾಗಿಲಲ್ಲೇ ನಿಂತು ನೋಡಿದೆ. ತಡೆಯಲಾಗಲಿಲ್ಲ.

“ನೋಡಿ ಅತ್ತೆ, ಮೂರು ಶಾಲೆಗಳನ್ನ ನಾನು ಅವತ್ತು ಹೋಲಿಸಿದ್ದರಲ್ಲಿ ನಿಜವಾದ ಅಳತೆ ಯಾವುದಾಗಿತ್ತು ಅಂದ್ರೆ, ಮೊದಲನೆಯದಾಗಿ...”

ಇಂಚರ ತಿರುಗಿಯೂ ನೋಡದೆ ಕೈ ಚಾಚಿದಳು. ಟಿಣ್. ಅಜ್ಜಿಯ ಬೆರಳು ಮುಂದಿನ ಬೀಜದ ಮೇಲಿತ್ತು, ಎಣಿಕೆ ತಪ್ಪಬಾರದು. ಟಿಣ್.

ನಿಯಮದ ಪ್ರಕಾರ ನಾನು ಕುಳಿತೆ, ಮಂಜನಿಗಾಗಿ ಖಾಲಿ ಬಿಟ್ಟಿದ್ದ ಜಾಗದಲ್ಲಿ.